ಗಡ್ಡದ ಅಳತಿ

ಕತ್ತ ಒಂಚೂರು ಮ್ಯಾಲ ಮಾಡ್ರಿ. ಹಾಂ, ಸಾಕು.
ಟೀವಿ ಕನ್ನಡಿಯೊಳಗ ಉಲ್ಟಾ ಕಾಣಸ್ತೈತಿ,
ಆದ್ರ ಧಾರಾವಾಹಿ ಹೆಂಗ ನೋಡಿದ್ರೂ ಅಷ್ಟರೀ.

ಬೆಟಗೇರಿಯಾಗ ಈ ಅಂಗಡಿಗೆ ಇಪ್ಪತ್ತೆರಡು ವರ್ಷ.
ಮಧ್ಯಾಹ್ನದ ಮರುಪ್ರಸಾರಕ್ಕ
ಮಗ್ಗ ನಿಲ್ಲಿಸಿ ಬರೋ ಮಂದಿ ಅದಾರ,
ಕಟಿಂಗಿಗಲ್ಲ, ಇವತ್ತ ಅವ ಏನ ಮಾಡಿದ ಅಂತ ನೋಡಾಕ.

ಅವ ಅಂದ್ರ ಯಶೋವರ್ಧನ. ನೂರು ಕೋಟಿ ಕಂಪನಿ,
ಏನ ಮಾರತಾನೋ ನನಗ ಇನ್ನೂ ತಿಳಿದಿಲ್ಲ.
ಬರತಾನ, ನಿಲ್ಲತಾನ.
ಬಾಗಲಾ ಹಾಕಿದ ಖೋಲಿಯೊಳಗೂ ಗಾಳಿ ಬೀಸತೈತಿ.
ಮಾರಿ ಮೂರು ಸಲ ತೋರಸತಾರ:
ಎಡಕ್ಕ, ಬಲಕ್ಕ, ಆಮ್ಯಾಲ ಮೂಗಿನ ಹೊಳ್ಳಿ ಕಾಣೂವಷ್ಟು ಹತ್ರ.
ನಾ ನೋಡೂದು ಗಡ್ಡ.
ಮೂರು ವರ್ಷಾತು, ಒಂದ ಅಳತಿ. ನಾಕು ಮಿಲಿಮೀಟರ್.
ಹತ್ತು ದಿನ ಕೈ ಕಟ್ಟಿ ಗೋದಾಮಿನ್ಯಾಗ ಕೆಡವಿದ್ರು,
ನಾಕು ಮಿಲಿಮೀಟರ್.
ಕೋಮಾದಾಗ ಆರು ತಿಂಗಳು. ನಾಕು.
ಕ್ಯಾಮೆರಾದ ಹಿಂದ ನಮ್ಮವ ಯಾವನೋ ಒಬ್ಬ
ಕತ್ತರಿ ಹಿಡಕೊಂಡು ನಿಂತಿರಬೇಕು.
ಅವನ ಹೆಸರು ಮಾತ್ರ ಎಲ್ಲೂ ಬರೂದಿಲ್ಲ.

ಹುಡುಗರು ಫೋನಿನ್ಯಾಗ ಆ ಮಾರಿ ತಂದು ತೋರಸತಾರ.
"ಕಾಕಾ, ಹಿಂಗ."
ಗಲ್ಲದ ಮ್ಯಾಲ ಇನ್ನೂ ಎಣಿಸಿ ಹನ್ನೊಂದ ಕೂದಲಾ,
ಕನ್ನಡಿ ಮುಂದ ದವಡಿ ಬಿಗಿ ಹಿಡೀತಾನ, ಹುಬ್ಬ ಗಂಟ ಹಾಕತಾನ.
ಸಡ್ಲ ಬಿಡೋ ತಮ್ಮಾ,
ಬಿಗಿ ಹಿಡದ ಗಲ್ಲಕ್ಕ ಬ್ಲೇಡು ಕಚ್ಚತೈತಿ.

ನಮ್ಮಂಗ ಮಾತಾಡೂ ಗಂಡಸ ಒಬ್ಬ ಅದಾನ್ರಿ ಆ ಬಂಗಲೇದಾಗ:
ಅಡಿಗಿ ಮಾಡೂ ಶೇಖಪ್ಪ.
"ಯಾಕ್ರಿ ಯಪ್ಪಾ" ಅಂದ ಕೂಡಲೆ ಹಿಂದಿಂದ ಪೀಪಿ ಸಪ್ಪಳ.
ಅವ ಹೆದರತಾನ, ಹಸೀತಾನ, ಸೆರಗ ಸಿಕ್ಕರ ಕಣ್ಣ ಒರಸಕೋತಾನ,
ಮಂದಿಗೆ ಉಂಡ್ರೇನು ಅಂತ ಕೇಳತಾನ.
ಅದಕ್ಕ ಅವ ನಗಸಾವ.
ಯಶೋವರ್ಧನ ಉಂಡಿದ್ದು ನಾ ಕಂಡಿಲ್ಲ. ತಾಟಿನ ಮುಂದ ಕೂಡತಾನ,
ಫೋನ್ ಬರತೈತಿ, ಎದ್ದ ಹೋಗತಾನ.

ನನ್ನ ಹೇಣ್ತಿ ನಿಂಬೆವ್ವ ಹೋದ ವಾರ ಅಂದ್ಲು,
"ಏಳ ಮಂದಿ ಗಂಡಸರು ಆ ಮನಿಯಾಗ,
ಒಬ್ಬರರ ಉಂಡ ತಾಟ ಎತ್ತತಾರೇನು?"
ಟೀವಿ ಕಡೆ ನೋಡಕೋತನ ಅಂದ್ಲು.
ನನ್ನ ತಾಟ ನನ್ನ ಮುಂದ ಇತ್ತು. ಕೈ ಒಣಗಿತ್ತು.
ಎತ್ತಿದ್ನೋ ಇಲ್ಲೋ, ಅದನ್ನ ಕೇಳಬ್ಯಾಡ್ರಿ.
ಬಲಕ್ಕ ಹೊಳ್ರಿ.

ಶ್ರಾವಣದಾಗ ಅವನ ಅಪ್ಪನ್ನ ಸಾಯಿಸಿದ್ರು.
ಒಂದ ಕಣ್ಣಿಂದ ಒಂದ ಹನಿ, ಅದೂ ಸಾವಕಾಶ.
ಗ್ವಾಡಿಗೆ ಗುದ್ದಿದ. ಸೇಡು ಅಂದ.
ನಾಕನೇ ದಿನಕ್ಕ ಕೋಟು, ತಲಿ ತುಂಬ ಕೂದಲಾ.
ಆ ಬೆಂಚಿನ ಮ್ಯಾಲ ವಿಠ್ಠಲಸಾ ಬಾಕಳೆ ಕುಂತಿದ್ದ,
ಕೂದಲಾ ಇನ್ನೂ ಎರಡ ಬಟ್ಟ ಬಂದಿದ್ವು.

ವಿಠ್ಠಲಸಾ ಅಂದ್ರ ಗೊತ್ತಲ್ಲ,
ಪ್ಯಾಟ್ಯಾಗ ಅವನ ದನಿ ಕೇಳಿದ್ರ ಹಮಾಲರು ಬೀಡಿ ಆರಸತಾರ.
ಬ್ಯಾಸಗಿಯಾಗ ಅವರಪ್ಪ ತೀರಕೊಂಡಾಗ
ಬಾವಿ ದಂಡಿಗೆ ನನ್ನ ಕರಸಿದ್ರು.
ಕುಕ್ಕರಗಾಲಿಲೆ ಕುಂತು ತಲಿ ಬಗ್ಗಿಸಿದ.
ತಣ್ಣೀರ ಹಚ್ಚಿ ಮೊದಲಿನ ಪಟ್ಟಿ ಇಳಿಸಿದೆ.
ನೆತ್ತಿ ಮ್ಯಾಲ ಒಂದ ಹಳೇ ಕಲಿ.
"ಅಪ್ಪ ಸೈಕಲ್ ಮ್ಯಾಗಿಂದ ಕೆಡವಿದ್ದು" ಅಂದ.
ಅಷ್ಟ. ಆಮ್ಯಾಲ ಕೈಯಾಗಿನ ತಲಿ ನಡಗಾಕ ಹತ್ತಿತು.
ಕಣ್ಣು, ಮೂಗು, ಬಾಯಿ, ಎಲ್ಲಾ ಕೂಡಿ ಸುರದ್ವು.
ಕತ್ತಿ ಎತ್ತಿ ಹಿಡದು ನಿಂತೆ.
ಎಡಗೈ ಅವನ ತಲಿ ಮ್ಯಾಲ ಇತ್ತು, ತಗೀಲಿಲ್ಲ.
ಅರ್ಧ ಬೋಳು, ಅರ್ಧ ಕರಿ.
ಎಷ್ಟ ಹೊತ್ತೋ.

ಆವತ್ತ ಬೆಂಚಿನ ಮ್ಯಾಲ ಕುಂತು
ಕೋಟ ಹಾಕ್ಕೊಂಡ ಆ ಮಾರಿ ಮೂರು ಸಲ ನೋಡಿದ.
ತನ್ನ ನೆತ್ತಿ ಮ್ಯಾಲ ಒಮ್ಮೆ ಕೈ ಆಡಿಸಿಕೊಂಡ.
"ಪಾಪ," ಅಂದ,
"ಅವನ ತಲಿ ಹಿಡ್ಯಾಕ ಯಾರೂ ಬರಲಿಲ್ಲೇನು?"

ಆತ್ರಿ, ಮುಗೀತು.
ಕಣ್ಣ ಮುಚ್ಚರಿ, ನೀರ ಹೊಡೀತೇನಿ.